ಊರ ಚೌಕಟ್ಟು, ಸೀಮೆ ಅಲಗು

ಸಿರವಾರದ ಸುತ್ತಮುತ್ತ ಒಲೆಗೆ ಕಟ್ಟಿಗೆ ಬೇಕೆಂದರೆ ಕೈ ಮೊದಲು ಹೋಗುವುದು ಕೊಡಲಿಯ ಕಡೆಗೆ. ಹೊಲದ ಬದು, ಕಾಲುವೆಯ ದಂಡೆ, ಬೀಳು ಭೂಮಿ ಎಲ್ಲೆಂದರಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯನ್ನು ಕಡಿಯಲು ಅದೇ ಸಾಕು ಎಂಬುದು ರೂಢಿ. ಗರಗಸವೇನಿದ್ದರೂ ಬಡಿಗೇರರ ಮನೆಯ ಸಾಮಾನು. ಮಹಾನವಮಿಯ ಖಂಡೆ ಪೂಜೆಯ ದಿನ ಬಾಚಿ, ಉಳಿ, ಬೈರಿಗೆಗಳ ಜೊತೆ ಕುಂಕುಮ ಹಚ್ಚಿಸಿಕೊಂಡು ಕೂರುವ ವಸ್ತು. ಆದರೆ ತೊಡೆಗಾತ್ರದ ಕೊರಡನ್ನು ಒಲೆಯ ಅಳತೆಗೆ ತುಂಡು ಮಾಡುವುದಕ್ಕೆ ಗರಗಸವೇ ಲೇಸು. ಕೊಡಲಿ ಎರಡೂ ಕಡೆಯಿಂದ ಇಳಿಜಾರು ಮಾಡಿಕೊಂಡು ಕಡಿಯಬೇಕು, ಚಕ್ಕೆ ಚೆಲ್ಲಾಡಬೇಕು. ಗರಗಸ ಒಂದು ಸಣ್ಣ ಸೀಳಿನಲ್ಲಿ ಕೆಲಸ ಮುಗಿಸುತ್ತದೆ. ಹಾಗಿದ್ದೂ ರೈತನ ಮನೆಯೊಳಗೆ ಅದು ಬರಲಿಲ್ಲ.

ಕಾರಣ ಹುಡುಕಬೇಕಾದದ್ದು ಕಮ್ಮಾರಸಾಲೆಯಲ್ಲಿ. ಕೊಡಲಿಯನ್ನು ಊರ ಕಮ್ಮಾರ ಕಾಯಿಸಿ ಬಡಿದು ಕೊಡುತ್ತಾನೆ. ಮೊಂಡಾದರೆ ಹಣಿದು ಕೊಡುತ್ತಾನೆ. ಆದರೆ ಮೊಳದುದ್ದದ, ಎರಡು ಬೆರಳು ಅಗಲದ, ಬಾಗಿಸಿದರೆ ಬಾಗಿ ಬಿಟ್ಟರೆ ನೆಟ್ಟಗಾಗುವ, ಎಲ್ಲ ಕಡೆಗೂ ಒಂದೇ ದಪ್ಪದ ಉಕ್ಕಿನ ಪಟ್ಟಿಯನ್ನು ಸುತ್ತಿಗೆಯಿಂದ ಬಡಿದು ತೆಗೆಯುವುದು ಸುಲಭವಲ್ಲ. ಗರಗಸದ ಚರಿತ್ರೆ ಬಹುಮಟ್ಟಿಗೆ ಈ ತೆಳು ಪಟ್ಟಿಯ ಚರಿತ್ರೆಯೇ. ಉಳಿದದ್ದೆಲ್ಲ ಮರ ಮತ್ತು ಹಗ್ಗ. ಅದನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು.

ಯಾರು ಬೇಕಾದರೂ ಮಾಡಿಕೊಳ್ಳಬಹುದಾದ ಅಂಥ ಗರಗಸವೊಂದು ಜಗತ್ತಿನ ಅನೇಕ ಕಡೆ ರೈತರ ಅಂಗಳದಲ್ಲಿತ್ತು. ಎರಡು ನಿಲುವು ತೋಳು, ನಡುವೆ ಒಂದು ಅಡ್ಡಪಟ್ಟಿ, ಕೆಳಗೆ ಅಲಗು, ಮೇಲೆ ಹುರಿಹಗ್ಗ, ಹಗ್ಗದ ನಡುವೆ ತಿರುಚುವ ಒಂದು ಕೋಲು. ಕೋಲನ್ನು ತಿರುವಿದಂತೆ ಹಗ್ಗ ಗಿಡ್ಡವಾಗುತ್ತದೆ, ತೋಳುಗಳ ಮೇಲಿನ ತುದಿಗಳು ಹತ್ತಿರ ಬರುತ್ತವೆ, ಅಡ್ಡಪಟ್ಟಿಯ ಮೇಲೆ ತಕ್ಕಡಿಯಂತೆ ತೂಗಿ ಕೆಳಗಿನ ತುದಿಗಳು ದೂರ ಸರಿಯುತ್ತವೆ, ಅಲಗು ತಂತಿಯಂತೆ ಬಿಗಿಯುತ್ತದೆ. ಅಮೆರಿಕದ ಹಳ್ಳಿಗಾಡಿನಲ್ಲಿ ಇದರ ಹೆಸರು ಬಕ್‌ಸಾ. ಹೊರಸಿನ ಕಾಲದೆಸೆಯ ಹಗ್ಗ ಎಳೆದು ನುಲಿ ಬಿಗಿಮಾಡುವುದನ್ನು ಕಂಡವರಿಗೆ, ಪಿಂಜಾರರ ಬಿಲ್ಲಿನ ತಂತಿ ಮಿಡಿಯುವುದನ್ನು ಕೇಳಿದವರಿಗೆ ಇದರ ಮರ್ಮ ಹೊಸದೇನಲ್ಲ.

ಮೂರು ದಾರಿ

ತೆಳುವಾದ ಅಲಗನ್ನು ಮರದೊಳಕ್ಕೆ ನೂಕಿದರೆ ಅದು ಮಡಿಚಿಕೊಳ್ಳುತ್ತದೆ. ಗರಗಸ ಕಂಡುಹಿಡಿದ ಎಲ್ಲ ನಾಡುಗಳಿಗೂ ಎದುರಾದ ತೊಡಕು ಇದು. ಹರಪ್ಪಾ ಸಂಸ್ಕೃತಿಯ ನೆಲೆಗಳಲ್ಲಿ ತಾಮ್ರ, ಕಂಚಿನ ಗರಗಸಗಳು ಸಿಕ್ಕಿವೆ. ಈಜಿಪ್ಟಿನಲ್ಲೂ ತಾಮ್ರದವು ಇದ್ದವು. ಮೆತ್ತನೆಯ ಲೋಹವಾದ್ದರಿಂದ ನೂಕುವ ಮಾತೇ ಇರಲಿಲ್ಲ. ಹಲ್ಲುಗಳನ್ನು ಹಿಡಿಕೆಯ ಕಡೆಗೆ ತಿರುಗಿಸಿ, ತಮ್ಮತ್ತ ಎಳೆಯುವಾಗ ಕೊಯ್ಯುವಂತೆ ಮಾಡಿಕೊಂಡರು. ಎಳೆದಾಗ ಅಲಗು ತಾನೇ ಬಿಗಿಯುತ್ತದೆ. ಜಪಾನಿನ ಬಡಗಿಗಳು ಇಂದಿಗೂ ಹೀಗೆಯೇ ಕೊಯ್ಯುತ್ತಾರೆ. ನಮ್ಮ ಬಡಿಗೇರರ ಹಳೆಯ ಕೈಗರಗಸವೂ ಎಳೆಗರಗಸವೇ. ನೆಲದ ಮೇಲೆ ಕುಳಿತು, ಹಲಗೆಯನ್ನು ಪಾದಗಳಲ್ಲಿ ಒತ್ತಿ ಹಿಡಿದು ಕೆಲಸ ಮಾಡುವವನಿಗೆ ನೂಕುವುದಕ್ಕಿಂತ ಎಳೆಯುವುದೇ ಸಹಜ ಎಂಬುದನ್ನೂ ಮರೆಯಬಾರದು.

ಎರಡನೆಯ ದಾರಿ ಚೌಕಟ್ಟು. ರೋಮನ್ನರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ವೆಸೂವಿಯಸ್ ಅಗ್ನಿಪರ್ವತದ ಬೂದಿಯಡಿ ಹೂತುಹೋದ ಹರ್ಕ್ಯುಲೇನಿಯಂ ಪಟ್ಟಣದ ಗೋಡೆ ಚಿತ್ರವೊಂದರಲ್ಲಿ ರೆಕ್ಕೆಯ ಬಾಲಕರು ಚೌಕಟ್ಟಿನ ಗರಗಸ ಹಿಡಿದು ಹಲಗೆ ಕೊಯ್ಯುತ್ತಿದ್ದಾರೆ. ಚೀನಾದಲ್ಲಿ 12ನೇ ಶತಮಾನದ ಚಿತ್ರಕಾರ ಝಾಂಗ್ ಝೆದುವಾನ್ ಬರೆದ ಉದ್ದನೆಯ ಸುರುಳಿ ಚಿತ್ರದಲ್ಲಿ ಗಾಡಿ ಗಾಲಿ ಮಾಡುವವನ ಅಂಗಡಿಯ ಮುಂದೆ ಇಂಥದೇ ಗರಗಸ ಬಿದ್ದಿದೆ. ಅಡ್ಡಪಟ್ಟಿ, ಹಗ್ಗ, ಕೋಲು ಎಲ್ಲವೂ ಆಗಲೇ ಇದ್ದವು. 1590ರ ದಶಕದಲ್ಲಿ ಹಾಲೆಂಡಿನ ಕಾರ್ನೆಲಿಸ್ ಕಾರ್ನೆಲಿಸ್‌ಝೋನ್ ಎಂಬಾತ ಗಾಳಿಯಂತ್ರಕ್ಕೆ ಚೌಕಟ್ಟಿನ ಗರಗಸ ಜೋಡಿಸಿ ಹಕ್ಕುಪತ್ರ ಪಡೆದ. ಡಚ್ಚರ ಹಡಗುಗಳ ಹಲಗೆಗಳು ಬಂದದ್ದು ಅಲ್ಲಿಂದ.

ಮೂರನೆಯದು ಹಣವಿದ್ದವರ ದಾರಿ. ಅಲಗನ್ನೇ ಅಗಲ ಮಾಡುವುದು, ನೂಕಿದರೂ ಮಡಿಚದಷ್ಟು ಬಲ ಕೊಡುವುದು. ಇದಕ್ಕೆ ನೀರಿನ ಬಲದಿಂದ ತಿರುಗುವ ಉರುಳೆಗಳ ನಡುವೆ ಉಕ್ಕನ್ನು ಹಾಯಿಸಿ ಹಾಳೆ ತೆಗೆಯುವ ಕಾರ್ಖಾನೆ ಬೇಕಾಯಿತು. ಇಂದು ಅಂಗಡಿಯಲ್ಲಿ ಸಿಗುವ, ಮರದ ಹಿಡಿಕೆಯ ಅಗಲ ಕೈಗರಗಸ ಆ ದಾರಿಯಲ್ಲಿ ಬಂದದ್ದು.

ಲೋಹ ದುಬಾರಿಯಾದ ಕಡೆ ಚೌಕಟ್ಟಿನ ಗರಗಸಕ್ಕೇ ಹೆಚ್ಚು ಬೆಲೆ. ಬಿಗಿತವನ್ನು ಮರ ಮತ್ತು ಹಗ್ಗ ಕೊಡುವುದರಿಂದ ಎರಡು ಬೆರಳು ಅಗಲದ ಅಲಗೂ ಸಾಕು. ನಮ್ಮಲ್ಲಿ ಇದರ ದಾಯಾದಿಗಳು ಇಲ್ಲದಿಲ್ಲ. ಮೈಸೂರಿನ ಬೀಟೆ ಕೆತ್ತನೆಯವರು ಹೂಬಳ್ಳಿ ಕೊಯ್ಯುವ ಎಳೆಯಂಥ ಅಲಗಿನ ಕಮಾನು ಗರಗಸ ಒಂದು. ಫಿಟ್ಟರುಗಳು ಕಬ್ಬಿಣ ಕೊಯ್ಯುವ ‘ಆಕ್ಸಾ ಬ್ಲೇಡು’ ಇನ್ನೊಂದು. ಆದರೆ ಕಟ್ಟಿಗೆ ಕೊಯ್ಯುವ ದೊಡ್ಡ ಚೌಕಟ್ಟು ಮಾತ್ರ ರಾಯಚೂರು ಸೀಮೆಯ ಮನೆಮನೆಯ ಸಾಮಾನಾಗಲಿಲ್ಲ.

ಗರಗಸದ ಗಣಿತ

ಮರ ಕೊಯ್ಯುವ ವಿದ್ಯೆ ಈ ನಾಡಿಗೆ ಹೊಸದೆಂದು ಇದರಿಂದ ತಿಳಿಯಬೇಕಿಲ್ಲ. ‘ಗರಗಸ’ ಎಂಬುದು ಸಂಸ್ಕೃತದ ‘ಕ್ರಕಚ’ದ ತದ್ಭವವೆಂದು ನಿಘಂಟುಗಳು ಹೇಳುತ್ತವೆ. ಈ ಕ್ರಕಚಕ್ಕೆ ಗಣಿತ ಗ್ರಂಥಗಳಲ್ಲಿ ಒಂದು ಪ್ರಕರಣವೇ ಮೀಸಲಾಗಿತ್ತು. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ ಮಹಾವೀರಾಚಾರ್ಯ, ಗುಂಡಿ ತೋಡುವ ಲೆಕ್ಕ ಹೇಳುವ ಅಧ್ಯಾಯದಲ್ಲೇ ಮರ ಕೊಯ್ಯುವ ಲೆಕ್ಕವನ್ನೂ ಹೇಳಿದ್ದಾನೆ. ನೃಪತುಂಗನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ರಾಯಚೂರಿಗೆ ದೂರದ ಊರೇನಲ್ಲ. ಮೂರು ಶತಮಾನದ ನಂತರ, 1150ರಲ್ಲಿ, ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲೂ ಕ್ರಕಚ ವ್ಯವಹಾರ ಬರುತ್ತದೆ.

ಭಾಸ್ಕರ ಕೊಡುವ ಲೆಕ್ಕ ಸರಳವಾಗಿದೆ. ಒಂದು ದಿಮ್ಮಿ ಬುಡದಲ್ಲಿ 20 ಅಂಗುಲ, ತುದಿಯಲ್ಲಿ 16 ಅಂಗುಲ ದಪ್ಪ. ಉದ್ದ 100 ಅಂಗುಲ. ಉದ್ದಕ್ಕೆ ನಾಲ್ಕು ಕೊಯ್ತ ಹಾಕಿದರೆ ಒಟ್ಟು ಕೆಲಸವೆಷ್ಟು? ದಪ್ಪದ ಸರಾಸರಿ 18. ಅದನ್ನು 100ರಿಂದ, ಮತ್ತೆ 4ರಿಂದ ಗುಣಿಸಿದರೆ 7,200 ಚದರ ಅಂಗುಲ. ಒಂದು ಚದರ ಹಸ್ತಕ್ಕೆ 576 ಚದರ ಅಂಗುಲವಾದ್ದರಿಂದ ಭಾಗಿಸಿದರೆ ಹನ್ನೆರಡೂವರೆ ಚದರ ಹಸ್ತ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮರ ಮಾರುವವನು ಘನ ಅಡಿಯಲ್ಲಿ ಮಾರುತ್ತಾನೆ. ಕೊಯ್ಯುವವನ ಕೂಲಿಗೆ ಮಾತ್ರ ಗರಗಸ ಹಾದುಹೋದ ಮೈಯ ವಿಸ್ತಾರವೇ ಅಳತೆ. ದಿಮ್ಮಿ ಎಷ್ಟು ದೊಡ್ಡದೆಂಬುದು ಅವನ ರಟ್ಟೆಗೆ ಸಂಬಂಧಿಸಿದ್ದಲ್ಲ. ಎಷ್ಟು ಕೊಯ್ದೆ ಎಂಬುದೇ ಸಂಬಂಧಿಸಿದ್ದು.

ಅಷ್ಟೇ ಅಲ್ಲ. ಕೂಲಿಯ ದರವನ್ನು ಸೂತ್ರದಿಂದ ಹೇಳಲಾಗದು, ವಸ್ತು ಮೆತ್ತಗಿದೆಯೋ ಗಟ್ಟಿಯಾಗಿದೆಯೋ ನೋಡಿ ಕೆಲಸಗಾರರ ಒಪ್ಪಿಗೆಯಂತೆ ಗೊತ್ತುಮಾಡಿಕೊಳ್ಳಬೇಕು ಎಂಬ ಅರ್ಥದ ಮಾತನ್ನು ಭಾಸ್ಕರ ಸೇರಿಸಿದ್ದಾನೆ. ಬೇವಿಗೂ ಕರಿಜಾಲಿಗೂ ಒಂದೇ ದರ ಕಟ್ಟಲು ಬರುವ ಗುತ್ತಿಗೆದಾರರಿಗೆ ಓದಿ ಹೇಳಬೇಕಾದ ಮಾತು ಅದು.

ರಾಯಚೂರು ಕೋಟೆಗೆ ಹೋದವರು ಅಲ್ಲಿನ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂಟಿ ಕಲ್ಲನ್ನು ನೋಡಿರುತ್ತಾರೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿಸಿದ ಸಂಗತಿ ಅದರ ಮೇಲೆ ತೆಲುಗಿನಲ್ಲಿದೆ. ಶಾಸನಕ್ಕಿಂತ ಕುತೂಹಲದ್ದು ಹತ್ತಿರದ ಕಲ್ಲುಗಳ ಮೇಲಿನ ಗೀಟುಚಿತ್ರ. ಆ ಬೃಹತ್ ಕಲ್ಲನ್ನು ಉದ್ದನೆಯ ಬಂಡಿಯ ಮೇಲೆ ಹೇರಿ, ಕೋಣಗಳ ಸಾಲು ಹೂಡಿ, ಚಾವಟಿ ಬೀಸುತ್ತ, ಗಾಲಿಗಳಿಗೆ ಆಳುಗಳು ಕೈಗೊಟ್ಟು ಸಾಗಿಸುತ್ತಿರುವ ದೃಶ್ಯವದು. ಕಲ್ಲನ್ನು ಹೊಗಳುವವರು ಅದನ್ನು ಹೊತ್ತ ಬಂಡಿಯನ್ನು ಮರೆಯುತ್ತಾರೆ. ಅಷ್ಟು ಭಾರ ತಡೆಯುವ ಗಾಲಿ, ಅಚ್ಚು, ತೊಲೆಗಳನ್ನು ಕೊಯ್ದು ಕೂಡಿಸಿದ ಬಡಗಿಗಳ ಹೆಸರು ಎಲ್ಲೂ ಇಲ್ಲ.

ಉಕ್ಕಿನ ನಾಡಿಗೆ ಹೊರಗಿನ ಅಲಗು

ಇನ್ನು ಲೋಹದ ವಿಚಾರ. ಇದೇ ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ಜನ ಕಬ್ಬಿಣ ಬಳಸುತ್ತಿದ್ದುದು ಕಂಡುಬಂದಿದೆ. ಪಾಶ್ಚಾತ್ಯರು ‘ವೂಟ್ಸ್’ ಎಂದು ಕರೆದ ಹೆಸರಾಂತ ಲೋಹದ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದ ಬಂದದ್ದೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1794ರಲ್ಲಿ ಮುಂಬೈಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಇದರ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ; ಮರುವರ್ಷವೇ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಪ್ರಬಂಧ ಓದಿದ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಮೂಸೆಯಲ್ಲಿ ಉಕ್ಕು ಮಾಡುವುದನ್ನು ವಿವರವಾಗಿ ಬರೆದಿಟ್ಟ. ರಾಯಚೂರು ಸೇರಿದ್ದ ನಿಜಾಮರ ರಾಜ್ಯದ ಇನ್ನೊಂದು ಮೂಲೆಯಲ್ಲಿ, ಈಗ ತೆಲಂಗಾಣದಲ್ಲಿರುವ ಕೋನಸಮುದ್ರಂ ಎಂಬ ಹಳ್ಳಿಯಲ್ಲಿ, ಉಕ್ಕು ಕೊಳ್ಳಲು ಪರ್ಷಿಯಾದಿಂದ ವರ್ತಕರು ಬರುತ್ತಿದ್ದುದನ್ನು ಹೆನ್ರಿ ವಾಯ್ಸಿ ದಾಖಲಿಸಿದ್ದಾನೆ.

ಇಂಥ ಉಕ್ಕಿನ ನಾಡಿಗೆ ಗರಗಸದ ಅಲಗು ಹೊರಗಿನಿಂದ ಬರಬೇಕಾಯಿತೇಕೆ? ಮೂಸೆಯ ಉಕ್ಕಿನಲ್ಲಿ ಇಂಗಾಲದ ಅಂಶ ಹೆಚ್ಚು, ಶೇಕಡ 1ರಿಂದ 2ರವರೆಗೆ. ಅದು ಕತ್ತಿಯ ಅಂಚಿಗೆ ಚೆಂದ, ಕಲ್ಲುಕುಟಿಗನ ಉಳಿಗೆ ಚೆಂದ. ಆದರೆ ಬಡಿಯಲು ಬಹಳ ನಾಜೂಕು. ತಪ್ಪಾದ ಕಾವಿನಲ್ಲಿ ಸುತ್ತಿಗೆ ಬಿದ್ದರೆ ಒಡೆದುಹೋಗುತ್ತದೆ. ಮುಷ್ಟಿಗಾತ್ರದ ಗಟ್ಟಿಗಳಾಗಿ ಸಿಗುವ ಲೋಹ ಅದು. ಗರಗಸಕ್ಕೆ ಬೇಕಾದದ್ದು ಬೇರೆಯೇ ಗುಣ. ಶೇಕಡ 0.7ರಿಂದ 0.9ರ ಆಸುಪಾಸಿನ ಇಂಗಾಲ, ಉದ್ದಕ್ಕೂ ಒಂದೇ ಹದ, ಒಂದೇ ದಪ್ಪ, ಮುರಿಯದೆ ಬಾಗುವ ಸ್ಪ್ರಿಂಗಿನ ಗುಣ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆ ಉಕ್ಕನ್ನು ದೊಡ್ಡ ಪ್ರಮಾಣದಲ್ಲಿ ಕರಗಿಸಿ ಎರಕ ಹೊಯ್ಯುವ ದಾರಿ ಕಂಡುಕೊಂಡ. ಆ ಗಟ್ಟಿಗಳನ್ನು ಉರುಳೆಗಳಲ್ಲಿ ಹಾಯಿಸಿ ಹಾಳೆ ತೆಗೆದರು. ನಮ್ಮ ಕಮ್ಮಾರನ ಕೈಚಳಕ ಸೋತದ್ದು ಮತ್ತೊಂದು ಕೈಚಳಕಕ್ಕಲ್ಲ, ಆ ಉರುಳೆಗೆ.

1871ರಲ್ಲಿ ಮುಂಬೈ ಕಡೆಯ ರೈಲುಹಳಿ ಮತ್ತು ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದವು. ಎರಡು ಬಂದರುಗಳ ಸರಕು ಬಾಗಿಲಿಗೆ ಬಂದಂತಾಯಿತು. ಇಲ್ಲಿಯ ಹತ್ತಿ ಹೊರಗೆ ಹೋಯಿತು. ಸೀಮೆ ಸಾಮಾನು ಒಳಗೆ ಬಂತು. ಸ್ವೀಡನ್ನಿನ ಸ್ಯಾಂಡ್ವಿಕೆನ್‌ನಲ್ಲಿ ಯೋರಾನ್ ಫ್ರೆಡ್ರಿಕ್ ಯೋರಾನ್ಸನ್ 1862ರಲ್ಲಿ ಸ್ಥಾಪಿಸಿದ ಉಕ್ಕಿನ ಕಾರ್ಖಾನೆ 1886ರಿಂದ ಗರಗಸಗಳನ್ನು ಮಾಡತೊಡಗಿತು. ಮೀನು ಮತ್ತು ಗಾಳದ ಗುರುತಿನ ಆ ಅಲಗುಗಳು ದೇಶದೇಶಗಳಲ್ಲಿ ಹೆಸರು ಮಾಡಿದವು. ಆ ಕಂಪನಿಯ ಗರಗಸ ವಿಭಾಗ 1999ರಲ್ಲಿ ಅಮೆರಿಕದ ಸ್ನ್ಯಾಪ್-ಆನ್ ಕಂಪನಿಯ ಪಾಲಾಗಿ, ಬಾಹ್ಕೊ ಹೆಸರಿನಲ್ಲಿ ಮುಂದುವರಿದಿದೆ.

ಊರಿನ ಮರದಲ್ಲಿ ಚೌಕಟ್ಟು

ಇಷ್ಟಾದರೂ ಚೌಕಟ್ಟು ಮಾಡಲು ಹೊರಗಿನ ಹಂಗು ಬೇಕಿಲ್ಲ. ಬಂಡಿ, ನೇಗಿಲು, ಕೂರಿಗೆಗಳಿಗೆ ಬಡಿಗೇರರು ನೆಚ್ಚಿಕೊಂಡು ಬಂದ ಕರಿಜಾಲಿ ಇದಕ್ಕೂ ಸೈ. ತೋಳುಗಳಿಗೆ ಗಂಟಿಲ್ಲದ, ಒಂದು ಬೇಸಿಗೆಯಾದರೂ ನೆರಳಲ್ಲಿ ಒಣಗಿದ ತುಂಡು ಆಗಬೇಕು. ಮರದ ಎಳೆ ಮೇಲಿನಿಂದ ಕೆಳಕ್ಕೆ ನೇರ ಓಡಿರಬೇಕು. ಎಳೆ ಅಡ್ಡವಾಗಿದ್ದರೆ ಹಗ್ಗ ಬಿಗಿದ ದಿನವೇ ತೋಳು ಸೀಳುತ್ತದೆ. ಅಡ್ಡಪಟ್ಟಿಯ ಮೇಲೆ ಬೀಳುವುದು ಒತ್ತಡ ಮಾತ್ರ, ಆದ್ದರಿಂದ ಅಲ್ಲಿ ಹಗುರ ಮರವಾದರೂ ನಡೆದೀತು.

ಅಡ್ಡಪಟ್ಟಿಯ ತುದಿಗಳನ್ನು ಕಚ್ಚು ಮಾಡಿ ತೋಳುಗಳ ತೂತಿನಲ್ಲಿ ಕೂರಿಸಬೇಕು. ಇಲ್ಲಿ ಹೊಸಬರು ಎಡವುತ್ತಾರೆ. ಬಾಗಿಲ ಚೌಕಟ್ಟಿನಂತೆ ಬಿಗಿಯಾಗಿ ಬಡಿದು, ಬೆಣೆ ಹೊಡೆದು, ಅಂಟು ಹಾಕಿಬಿಡುತ್ತಾರೆ. ಹಾಗೆ ಮಾಡಿದರೆ ತೋಳು ತೂಗುವುದಿಲ್ಲ. ಎಷ್ಟು ಹುರಿ ತಿರುವಿದರೂ ಬಿಗಿತ ಅಲಗಿಗೆ ತಲುಪದು. ಕಚ್ಚು ಆಳವಿಲ್ಲದೆ, ಭುಜಗಳು ಸ್ವಲ್ಪ ದುಂಡಾಗಿ, ಕೈಯಲ್ಲಿ ಅಲುಗಾಡಿಸಿದರೆ ಅಲುಗಾಡುವಷ್ಟು ಸಡಿಲವಿರಬೇಕು.

ಅಡ್ಡಪಟ್ಟಿ ತೋಳಿನ ನಟ್ಟನಡುವೆ ಇದ್ದರೆ ಹಗ್ಗದ ಎಳೆತ ಎಷ್ಟೋ ಅಲಗಿನ ಬಿಗಿತ ಅಷ್ಟೇ. ಅದನ್ನು ಅಲಗಿನ ಕಡೆಗೆ ಇಳಿಸಿ, ಹಗ್ಗಕ್ಕಿರುವ ದೂರ ಅಲಗಿಗಿರುವ ದೂರದ ಎರಡರಷ್ಟು ಮಾಡಿದರೆ ಬಿಗಿತವೂ ಎರಡರಷ್ಟಾಗುತ್ತದೆ. ಏತದ ಲೆಕ್ಕವೇ ಇದು. ಆದರೆ ಪಟ್ಟಿ ಕೆಳಗೆ ಬಂದಷ್ಟೂ ಗರಗಸ ಇಳಿಯಬಲ್ಲ ಆಳ ಕಡಿಮೆಯಾಗುತ್ತದೆ. ಎಂಥ ಕೊರಡು ಕೊಯ್ಯಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಂಡು ಜಾಗ ಗುರುತಿಸುವುದು ಜಾಣತನ. ಹಗ್ಗಕ್ಕೆ ಪುಂಡಿ ನಾರಿನ ಹುರಿ ಒಳ್ಳೆಯದು. ನೈಲಾನ್ ಹಗ್ಗ ಗಟ್ಟಿಯೇನೋ ಹೌದು, ಆದರೆ ಹಿಗ್ಗುತ್ತದೆ. ತಿರುಚುವ ಕೋಲಿನ ತುದಿ ಅಡ್ಡಪಟ್ಟಿಗೆ ತಾಗಿ ನಿಲ್ಲುವಷ್ಟು ಉದ್ದವಿದ್ದರೆ ಕಟ್ಟುವ ಗೋಜೂ ಇಲ್ಲ.

ಹಲ್ಲು ಹಿಡಿದು ನೋಡುವುದು

ಎತ್ತು ಕೊಳ್ಳುವವರು ಹಲ್ಲು ನೋಡುವಂತೆ ಅಲಗು ಕೊಳ್ಳುವವರೂ ಹಲ್ಲನ್ನೇ ನೋಡಬೇಕು. ಕಟ್ಟಿಗೆ ಕೊಯ್ಯುವ ಅಲಗಿಗೆ ಅಂಗುಲಕ್ಕೆ ನಾಲ್ಕರಿಂದ ಆರು ಹಲ್ಲು ಸಾಕು. ಆಕ್ಸಾ ಬ್ಲೇಡಿಗೆ ಅಂಗುಲಕ್ಕೆ 18, 24 ಅಥವಾ 32 ಹಲ್ಲುಗಳಿರುತ್ತವೆ. ಅದನ್ನು ಮರಕ್ಕೆ ಹಚ್ಚಿದರೆ ಸಂದುಗಳಲ್ಲಿ ಹೊಟ್ಟು ತುಂಬಿ ಜಾರುತ್ತದೆಯೇ ಹೊರತು ಕೊಯ್ಯದು.

ಹಸಿ ಮರಕ್ಕೂ ಒಣ ಮರಕ್ಕೂ ಒಂದೇ ಅಲಗು ಒಗ್ಗುವುದಿಲ್ಲ. ಒಣ ಮರಕ್ಕೆ ಒಂದೇ ಸಮನೆ ಸಾಲುಗಟ್ಟಿದ ಮುಕ್ಕೋನದ ಹಲ್ಲುಗಳು ಸರಿ. ಹಸಿ ಮರದ ಎಳೆ ಒದ್ದೆಯಾಗಿ ಉದ್ದುದ್ದ ಬರುತ್ತದೆ; ಅದಕ್ಕೆ ಕೊಯ್ಯುವ ಹಲ್ಲುಗಳ ಗುಂಪಿನ ನಡುವೆ, ತುಸು ಗಿಡ್ಡನೆಯ, ಕವಲೊಡೆದ ಒಂದು ಬಾಚುಹಲ್ಲು ಬೇಕು. ಅದು ಕೊಯ್ಯುವುದಿಲ್ಲ, ಬೇರೆ ಹಲ್ಲುಗಳು ಕೊಯ್ದುಹಾಕಿದ್ದನ್ನು ಹೆರೆದು ಹೊರಗೆ ತರುತ್ತದೆ. ಆಗ ತಾನೇ ಕಡಿದ, ಅಂಟು ಒಸರುವ ಜಾಲಿಗೆ ಈ ಬಗೆಯದೇ ಬೇಕು.

ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ತುಸು ವಾಲಿಸಿರುತ್ತಾರೆ. ಸೀಳು ಅಲಗಿನ ದಪ್ಪಕ್ಕಿಂತ ಅಗಲವಾದರೆ ಮಾತ್ರ ಅಲಗು ಸಿಕ್ಕಿಕೊಳ್ಳದೆ ಓಡಾಡುತ್ತದೆ. ಇದನ್ನು ಪರೀಕ್ಷಿಸಲು ಹಳೆಯ ಉಪಾಯವೊಂದಿದೆ. ಅಲಗನ್ನು ಹಲ್ಲು ಮೇಲಾಗಿ ಹಿಡಿದು, ಎರಡು ಸಾಲಿನ ನಡುವಿನ ಕಾಲುವೆಯಲ್ಲಿ ಸೂಜಿಯೊಂದನ್ನು ಇಟ್ಟು ತುಸು ಓರೆ ಮಾಡಬೇಕು. ಸೂಜಿ ಈ ತುದಿಯಿಂದ ಆ ತುದಿಗೆ ಬೀಳದೆ ಜಾರಿದರೆ ಹಲ್ಲು ಸರಿಯಾಗಿವೆ. ಒಂದೇ ಕಡೆ ಹೆಚ್ಚು ವಾಲಿದ್ದರೆ ಗರಗಸ ಆ ಕಡೆಗೇ ಎಳೆಯುತ್ತದೆ. ಬಡಿಗ ಎಷ್ಟು ಕುಶಲನಾದರೂ ಕೊಯ್ತ ಸೊಟ್ಟ. ಮತ್ತೆ ಅಲಗನ್ನು ಕಮಾನಿನಂತೆ ಬಾಗಿಸಿ ಬಿಡಬೇಕು. ನೆಟ್ಟಗಾದರೆ ಉಕ್ಕಿನ ಹದ ಸರಿ, ಬಾಗಿಯೇ ಉಳಿದರೆ ಅದು ಬರಿ ತಗಡು.

ಹಲ್ಲಿನ ತುದಿ ಮಾತ್ರ ನೀಲಿಗಪ್ಪಾಗಿದ್ದರೆ ಅದು ಕಾರ್ಖಾನೆಯಲ್ಲಿ ವಿದ್ಯುತ್ತಿನ ಕಾವಿನಿಂದ ಗಟ್ಟಿ ಮಾಡಿದ್ದು. ಬಹಳ ದಿನ ಹರಿತ ಉಳಿಯುತ್ತದೆ. ಒಮ್ಮೆ ಮೊಂಡಾದರೆ ಮುಗಿಯಿತು, ಅರ ಅದರ ಮೇಲೆ ಹತ್ತುವುದಿಲ್ಲ. ಎಸೆದು ಹೊಸದು ತರಬೇಕು. ಪೂರಾ ಒಂದೇ ಬಣ್ಣದ ಹಳೆಯ ಬಗೆಯ ಅಲಗು ಬೇಗ ಮೊಂಡಾದರೂ ಮುಮ್ಮೂಲೆ ಅರದಿಂದ ಉಜ್ಜಿ ಎಷ್ಟೋ ವರ್ಷ ಬಳಸಬಹುದು. ಅಂಗಡಿ ದೂರವಿದ್ದು ಅರ ಹತ್ತಿರವಿರುವವರಿಗೆ ಯಾವುದು ಮೇಲು ಎಂಬುದನ್ನು ಹೇಳಬೇಕಿಲ್ಲ. ಮೊಂಡಾಯಿತೋ ಇಲ್ಲವೋ ಎಂಬುದನ್ನು ಹೊಟ್ಟೇ ಹೇಳುತ್ತದೆ. ಹರಿತ ಹಲ್ಲು ಎಳೆ ಎಳೆಯಾಗಿ, ಹರಳು ಹರಳಾಗಿ ಉದುರಿಸುತ್ತದೆ; ಮೊಂಡು ಹಲ್ಲು ಹಿಟ್ಟು ಮಾಡುತ್ತದೆ.

ಹೊಸ ಅಲಗೇ ಆಗಬೇಕೆಂದೇನೂ ಇಲ್ಲ. ಸಾ ಮಿಲ್ಲುಗಳಲ್ಲಿ ಗಾಲಿಗಳ ಮೇಲೆ ತಿರುಗುವ ಬ್ಯಾಂಡ್ ಗರಗಸದ ಪಟ್ಟಿ ಕಡಿದುಹೋದಾಗ ಅದರ ತುಂಡಿನಲ್ಲಿ ಗರಗಸ ಮಾಡಿಕೊಳ್ಳುವ ಬಡಗಿಗಳುಂಟು. 1808ರಲ್ಲಿ ಲಂಡನ್ನಿನ ವಿಲಿಯಂ ನ್ಯೂಬೆರಿ ಬ್ಯಾಂಡ್ ಗರಗಸಕ್ಕೆ ಹಕ್ಕುಪತ್ರ ಪಡೆದರೂ, ಬೆಸುಗೆ ನಿಲ್ಲುವ, ಬಾಗಿದರೂ ಕಡಿಯದ ಪಟ್ಟಿ ಬರಲು ಮತ್ತೆ ನಾಲ್ಕು ದಶಕ ಬೇಕಾಯಿತು. ಹಾಗೆ ಪಳಗಿದ ಉಕ್ಕು ಅದು, ಚೌಕಟ್ಟಿಗೆ ಹೇಳಿಮಾಡಿಸಿದ್ದು. ಆದರೆ ಅದರ ಹಲ್ಲು ಉದ್ದಗೊಯ್ತಕ್ಕೆ ಮಾಡಿದ್ದು, ಉಳಿಯ ಬಾಯಂತೆ ನೇರ. ಕೊರಡನ್ನು ಅಡ್ಡ ಕೊಯ್ಯಲು ಹಲ್ಲಿನ ಪಕ್ಕಗಳನ್ನು ಓರೆಯಾಗಿ ಉಜ್ಜಿ ಚಾಕುವಿನ ಮೊನೆಯಂತೆ ಮಾಡಿಕೊಳ್ಳಬೇಕು.

ಕೂರಿಗೆ ಈಗ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ್ದಾಗಿದೆ, ಬಂಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ಪಡೆಯುತ್ತಿದ್ದ ಬಡಿಗೇರರು ಬಾಗಿಲು, ಕಿಟಕಿ, ಮಂಚಗಳ ಕೆಲಸಕ್ಕೆ ತಿರುಗಿದ್ದಾರೆ. ದಿಮ್ಮಿಯ ಮೇಲೊಬ್ಬ, ಕೆಳಗೊಬ್ಬ ನಿಂತು ದೊಡ್ಡ ಗರಗಸ ಎಳೆಯುತ್ತಿದ್ದ ಜೋಡಿಗಳು, ಕಣ್ಣಿಗೆ ಬೀಳುವ ಹೊಟ್ಟನ್ನು ದಿನವಿಡೀ ಸಹಿಸುತ್ತಿದ್ದ ಆ ಕೆಳಗಿನವನು, ಸಾ ಮಿಲ್ಲು ಬಂದ ಮೇಲೆ ಕಾಣದಾದರು. ಬೇಸಿಗೆಯಲ್ಲಿ ಪೆಟ್ರೋಲಿನ ಗರಗಸ ತಂದು ಬಳ್ಳಾರಿ ಜಾಲಿ ಉರುಳಿಸುವವರೂ ಇದ್ದಾರೆ. ಅದರ ಗದ್ದಲ, ಖರ್ಚು ಬೇಡವೆನ್ನುವವರಿಗೆ ಎರಡು ತೋಳಿನ ಚೌಕಟ್ಟು ಇದ್ದೇ ಇದೆ. ಸಂಜೆ ಕೆಲಸ ಬಿಟ್ಟ ಮೇಲೆ ಕೋಲನ್ನು ನಾಲ್ಕು ಸುತ್ತು ಹಿಂದಕ್ಕೆ ಬಿಚ್ಚಿ ಹಗ್ಗ ಸಡಿಲಿಸಿ ಗೂಟಕ್ಕೆ ತೂಗುಹಾಕಬೇಕು. ಇಲ್ಲವಾದರೆ ಮಳೆಗಾಲದ ಥಂಡಿಗೆ ಪುಂಡಿ ಹುರಿ ಉಬ್ಬಿ ಗಿಡ್ಡವಾಗಿ, ಬೆಳಗಾಗುವುದರೊಳಗೆ ತೋಳನ್ನು ಮುರಿದಿರುತ್ತದೆ.